ಹಿಮರಾಜನ ಕೋಣೆ

ಗಂಡನಿಗೆ ಹಿಮರಾಜ ಅನ್ನುವ ಹೆಸರಿಟ್ಟವರು ಮುಖ ಕಾಣದ ಗೆಳೆಯರು. ಕಂಪ್ಯೂಟರನ್ನು ಅದರ ಮಿತಿ ಮೀರಿಸಿ ಓಡಿಸುವ ಹುಚ್ಚಿನವರದ್ದೇ ಒಂದು ಗುಂಪು ಇಂಟರ್‌ನೆಟ್ಟಿನಲ್ಲಿದೆ. ಅಲ್ಲಿ ಅವನು ಹಿಮರಾಜ. ಸಂಬಳ ಕೊಡುವ ಗೋದಾಮಿನಲ್ಲಿ ಮಾತ್ರ "ಏಯ್, ಮೂರನೇ ಗೇಟು" ಎಂದು ಕೂಗಿದರೆ ತಿರುಗಿ ನೋಡುವ ಗುಮಾಸ್ತ. ಮನೆಯಲ್ಲಿ ತಾಯಿಗೆ ಅವನು ಹುಟ್ಟಿದಾಗಿನಿಂದಲೂ ರಾಜನೇ. ಹೆಂಡತಿಗೆ ಏನು ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವಳು ಚೆನ್ನಾಗಿಯೇ ಹೇಳುತ್ತಿದ್ದಳು.

ಕಂಪನಿಯವರು ಕಂಪ್ಯೂಟರಿನ ಮಿದುಳಾದ ಪ್ರೊಸೆಸರಿಗೆ ಇಂತಿಷ್ಟು ವೇಗ ಎಂದು ಗೊತ್ತುಮಾಡಿ ಕಳಿಸಿರುತ್ತಾರೆ. ಇವನಂಥವರಿಗೆ ಅದು ಸಾಲದು. ಅದಕ್ಕೆ ಹರಿಸುವ ವೋಲ್ಟೇಜನ್ನು ಏರಿಸಿ, ಓಟವನ್ನು ಏರಿಸಿ, ನಿಲ್ಲುತ್ತದೋ ಬೀಳುತ್ತದೋ ಎಂದು ಉಗುರು ಕಚ್ಚುತ್ತ ಕೂರಬೇಕು. ಓಟ ಹೆಚ್ಚಿದಷ್ಟೂ ಕಾವು ಹೆಚ್ಚು. ಕಾವು ತೆಗೆದಷ್ಟೂ ಇನ್ನಷ್ಟು ಓಡಿಸಬಹುದು. ಮೊದಲು ದೊಡ್ಡ ಫ್ಯಾನು ಬಂತು. ಫ್ಯಾನು ಸಾಲದೆ ನೀರು ಬಂತು: ಪ್ರೊಸೆಸರಿನ ತಲೆಯ ಮೇಲೊಂದು ತಾಮ್ರದ ಬಿಲ್ಲೆ, ಅದರೊಳಗೆ ಹರಿದು ಕಾವು ಹೊತ್ತೊಯ್ಯುವ ನೀರು. ಅದೂ ಸಾಲದೆ ಈಗ ಮೀನಿನ ತೊಟ್ಟಿಯ ನೀರು ತಣಿಸುವ ಯಂತ್ರವೊಂದನ್ನು ತಂದಿದ್ದ. ಆ ನೀರಿಗೆ ಬೆರಳಿಟ್ಟರೆ ಮರಗಟ್ಟುತ್ತಿತ್ತು.

ಇಲ್ಲೊಂದು ತೊಡಕು. ತಣ್ಣನೆಯ ಲೋಟದ ಮೈಮೇಲೆ ಹನಿಗೂಡುವ ಹಾಗೆ ಆ ಬಿಲ್ಲೆಯ ಸುತ್ತಲೂ ಹನಿಗೂಡುತ್ತದೆ. ಒಂದು ಹನಿ ಪ್ರೊಸೆಸರು ಕೂತ ಬೋರ್ಡಿನ ಮೇಲೆ ಇಳಿಯಿತೋ, ಅಲ್ಲಿಗೆ ಮುಗಿಯಿತು. ಅದಕ್ಕೇ ಬುದ್ಧಿಯಿರುವವರು ಪ್ರೊಸೆಸರಿನ ಸುತ್ತ ಗ್ರೀಸು ಬಳಿದು, ಸ್ಪಂಜು ಒತ್ತಿ, ತೇವ ತಾಗದ ಹಾಗೆ ಮುಚ್ಚುತ್ತಾರೆ. ಹಿಮರಾಜನಿಗೆ ಅದು ಹಿಡಿಸಲಿಲ್ಲ. ಕ್ಯಾಮೆರಾದಲ್ಲಿ ತನ್ನ ಬೋರ್ಡು ಫಳಫಳ ಹೊಳೆಯಬೇಕು, ಅದಕ್ಕೆ ಗ್ರೀಸು ಮೆತ್ತುವುದೆಂದರೇನು? ಏಸಿ ಹಾಕಿ ಬಾಗಿಲು ಮುಚ್ಚಿದರೆ ಕೋಣೆಯ ಗಾಳಿಯೇ ಒಣಗುತ್ತದೆ, ತೇವವೇ ಇಲ್ಲದ ಮೇಲೆ ಹನಿ ಎಲ್ಲಿಂದ ಬರಬೇಕು ಎಂದು ವಾದ ಹೂಡಿದ. ಗುಂಪಿನ ಹಳಬನೊಬ್ಬ, ಬಾಗಿಲು ತೆರೆದರೆ ನೀನು ಕೆಟ್ಟೆ ಎಂದು ಬರೆದನಂತೆ. ತೆರೆಯುವುದೇ ಇಲ್ಲ ಎಂದು ಇವನು ಉತ್ತರ ಕೊಟ್ಟನಂತೆ. ಊಟಕ್ಕೆ ಕೂತಾಗ ಅದನ್ನು ಹೇಳಿಕೊಂಡು ನಕ್ಕ.

ಆ ಮನೆಯಲ್ಲಿ ಏಸಿ ಇದ್ದದ್ದು ಒಂದೇ ಕೋಣೆಯಲ್ಲಿ. ಅದು ಅತ್ತೆಯ ಕೋಣೆ. ಅತ್ತೆಯ ಹೃದಯ ಒಮ್ಮೆ ಕೈಕೊಟ್ಟು, ಆಸ್ಪತ್ರೆ ಸೇರಿ ಬಂದ ಮೇಲೆ, ಇವರಿಗೆ ಸೆಕೆ ತಾಗಬಾರದು, ತಡೆಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದರು.

"ಅಮ್ಮ, ಸ್ಪರ್ಧೆ ಮುಗಿಯೋ ತನಕ ಆ ಚಿಕ್ಕ ಕೋಣೇಲಿ ಮಲ್ಕೋತೀಯಾ?" ಎಂದು ಮಗ ಕೇಳಿದ.

"ಅದಕ್ಕೇನಂತೆ ಕಂದ? ನೀನು ಪ್ರಪಂಚಕ್ಕೇ ಮೊದಲು ಬರ್ತೀಯ ಅಂದ್ರೆ ನಾನು ತಾರಸಿ ಮೇಲೆ ಬೇಕಾದ್ರೂ ಮಲ್ಕೋತೀನಿ."

"ಡಾಕ್ಟರು ಹೇಳಿದ್ದು ಮರೆತುಹೋಯ್ತಾ ಅತ್ತೆ? ಆ ಕೋಣೆ ಗೋಡೆ ಮಧ್ಯಾಹ್ನ ಮುಟ್ಟೋಕಾಗಲ್ಲ" ಎಂದಳು ಸೊಸೆ.

"ನೋಡಿದ್ಯೇನೋ ಹೊಟ್ಟೆಕಿಚ್ಚು! ಗಂಡ ನಾಲ್ಕು ಜನರ ಮುಂದೆ ಮೇಲೆ ಬರೋದು ಇವಳ ಕಣ್ಣಿಗೆ ಆಗಲ್ಲ. ಗುಂಡಿ ಹೊಲಿಯೋಳಿಗೆ ಇದೆಲ್ಲ ಏನು ಗೊತ್ತಾಗುತ್ತೆ?"

ಗುಂಡಿ ಹೊಲಿಯುವುದು ನಿಜ. ಕೆಳಗಿನ ಮನೆಯಲ್ಲೇ ಅಂಗಡಿಯಿಟ್ಟಿರುವ ಟೈಲರಮ್ಮನ ಹತ್ತಿರ ಕಾಜಾ, ಗುಂಡಿ, ಅಂಚು ಮಡಚುವ ಕೆಲಸ. ಮದುವೆಯಾದಂದಿನಿಂದ ಅತ್ತೆ ಆ ಮಾತನ್ನು ಬೇರೆ ಬೇರೆ ರಾಗದಲ್ಲಿ ಆಡುತ್ತಲೇ ಬಂದಿದ್ದರು. ಆದರೆ ದಿನದಲ್ಲಿ ಅವಳು ಉಸಿರಾಡುವ ಜಾಗ ಆ ಅಂಗಡಿಯೊಂದೇ. ಸರಿ, ಅನುಭವಿಸಲಿ ಎಂದುಕೊಂಡು ಸೊಸೆ ಹಾಸಿಗೆ ಸುತ್ತಿ ಚಿಕ್ಕ ಕೋಣೆಗೆ ಸಾಗಿಸಿದಳು. ಸುಳ್ಳೇಕೆ, ಒಳಗೊಳಗೇ ಅವಳಿಗೆ ಖುಷಿಯಾಯಿತು. ಮಗ ಮಗ ಎಂದು ಕುಣಿದದ್ದಕ್ಕೆ ಒಂದಿಷ್ಟು ಬೇಯಲಿ ಅನ್ನಿಸಿತು.

ಆ ಖುಷಿ ಹೆಚ್ಚು ದಿನ ಬಾಳಲಿಲ್ಲ. ಅತ್ತೆ ಊಟ ಬಿಟ್ಟರು. ತುಟಿ ಒಡೆಯಿತು. ಮಧ್ಯಾಹ್ನವಾದರೆ ಗೋಡೆಯಿಂದ ದೂರ ಸರಿದು ನೆಲಕ್ಕೆ ಮೈಯೊಡ್ಡಿ ಮಲಗುತ್ತಿದ್ದರು. ನೋಡಲಾರದೆ ಸೊಸೆ ಎರಡು ಹೊದಿಕೆ ಒದ್ದೆ ಮಾಡಿ ಕಿಟಕಿಗೆ ಕಟ್ಟಿದಳು. ಸಂಜೆ ಗಂಡ ಬಂದವನೇ ಚಪ್ಪಲಿಯನ್ನೂ ಬಿಡದೆ ಅವನ್ನು ಎಳೆದುಹಾಕಿದ.

"ಮನೇಲಿ ತೇವ ಮಾಡ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕು? ಬಾಗಿಲ ಸಂದೀಲಿ ಅದೆಲ್ಲ ಒಳಗೆ ಬರುತ್ತೆ."

"ನಿಮ್ಮಮ್ಮ ಬೇಯ್ತಾ ಇದ್ದಾರೆ ರೀ."

"ಅಮ್ಮನೇ ಸುಮ್ನಿದ್ದಾಳೆ. ನಿನಗೇನು ಸಂಕಟ?"

"ನನಗೇನೂ ಆಗಿಲ್ಲ ಕಂದ. ಇವಳದ್ದು ಯಾವಾಗ್ಲೂ ಇದ್ದದ್ದೇ" ಎಂದು ನೆಲದ ಮೇಲಿಂದ ಅತ್ತೆ ಹೇಳಿದರು. ಅಷ್ಟು ಹೇಳುವುದಕ್ಕೆ ಎರಡು ಸಲ ಉಸಿರು ಎಳೆದುಕೊಂಡರು.

ಸ್ಪರ್ಧೆ ಭಾನುವಾರ ಮಧ್ಯಾಹ್ನ. ತೀರ್ಪುಗಾರರು ಎಲ್ಲೆಲ್ಲಿಂದಲೋ ಕ್ಯಾಮೆರಾದಲ್ಲಿ ನೋಡುತ್ತ ಕೂತಿರುತ್ತಾರಂತೆ. ಪ್ರೊಸೆಸರಿಗೆ ಹೊರಲಾರದ ಹೊರೆ ಹೊರಿಸಿ, ಅದು ಪೂರ್ತಿ ಮುಗಿಸುವ ತನಕ ಬೀಳದೆ ನಿಲ್ಲಬೇಕು. ನಡುವೆ ನಿಂತರೆ ಮುಗಿಯಿತು, ಎರಡನೆಯ ಅವಕಾಶವಿಲ್ಲ. ಗೆದ್ದವನಿಗೆ ಸಿಗುವುದಾದರೂ ಏನು ಎಂದರೆ, ಪಟ್ಟಿಯ ತುದಿಯಲ್ಲಿ ಒಂದು ಹೆಸರು. ಅದೂ ಅಪ್ಪ ಅಮ್ಮ ಇಟ್ಟ ಹೆಸರಲ್ಲ.

ಅಂದು ಅವನು ಇನ್ನೊಂದು ಆಜ್ಞೆ ಹೊರಡಿಸಿದ. ಏಸಿ, ನೀರಿನ ಯಂತ್ರ, ಕಂಪ್ಯೂಟರು ಮೂರೂ ಒಟ್ಟಿಗೆ ಎಳೆಯುವಾಗ ಮನೆಯ ವೋಲ್ಟೇಜು ಕೂದಲೆಳೆಯಷ್ಟೂ ಅಲ್ಲಾಡಬಾರದು; ಆದ್ದರಿಂದ ಉಳಿದದ್ದೆಲ್ಲ ಬಂದ್. ಫ್ರಿಜ್ಜು ಬಂದ್. ಚಿಕ್ಕ ಕೋಣೆಯ ಫ್ಯಾನೂ ಬಂದ್. ತಾನೇ ಹೋಗಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಅಮ್ಮನ ಕಾಲು ಮುಟ್ಟಿ, ಕೋಣೆ ಸೇರಿದ.

"ಗೆದ್ದು ಬಾ" ಎಂದರು ಅತ್ತೆ, ಮಗ ಯುದ್ಧಕ್ಕೆ ಹೊರಟ ಹಾಗೆ.

ಸೊಸೆ ಪ್ರೊಸೆಸರು ಬಂದಿದ್ದ ಡಬ್ಬಿಯ ರಟ್ಟನ್ನು ಕಿತ್ತುಕೊಂಡು ಗಾಳಿ ಹಾಕುತ್ತ ಕೂತಳು. ಗಾಳಿಯೂ ಬಿಸಿ. ಅತ್ತೆ ಮೊದಮೊದಲು, ಇನ್ನೂ ಜೋರಾಗಿ ಬೀಸು, ಕೈಯಲ್ಲಿ ಜೀವ ಇಲ್ವಾ ಎಂದು ಬೈದರು. ಆಮೇಲೆ ಬೈಗುಳವೂ ನಿಂತಿತು. ತೀರಿಹೋದ ತಂಗಿಯನ್ನು ಕರೆದು, ಒಲೆ ಆರಿಸೇ ಎಂದರು. ಸೊಸೆ ಕುತ್ತಿಗೆ ಮುಟ್ಟಿ ನೋಡಿದಳು. ಬೆವರು ನಿಂತು ಮೈ ಒಣಗಿತ್ತು, ಆದರೆ ಕಾದ ಇಸ್ತ್ರಿಪೆಟ್ಟಿಗೆಯಂತೆ ಸುಡುತ್ತಿತ್ತು.

ಓಡಿಹೋಗಿ ಏಸಿ ಕೋಣೆಯ ಬಾಗಿಲು ತಳ್ಳಿದಳು. ಅಂಗೈಯಗಲ ತೆರೆಯಿತು. ಒಳಗಿನ ತಂಪು ಮುಖಕ್ಕೆ ಬಡಿಯಿತು, ಎಂಥ ತಂಪು! ಗಂಡ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಬಿಟ್ಟುಕೊಂಡು, ಪರದೆಯ ಮೇಲಿನ ಅಂಕಿಗಳನ್ನು ನುಂಗುವಂತೆ ನೋಡುತ್ತಿದ್ದ.

"ರೀ, ಅತ್ತೆಗೆ ಏನೋ ಆಗ್ತಿದೆ. ಬನ್ನಿ, ಎತ್ಕೊಂಡು ಬಂದು ಇಲ್ಲಿ ಮಲಗ್ಸಿ. ನನ್ನೊಬ್ಬಳ ಕೈಲಿ ಆಗಲ್ಲ."

ಅವನು ದಡಬಡಿಸಿ ಎದ್ದು ಬಂದ. ಬಂದನಲ್ಲ ಸದ್ಯ ಎಂದುಕೊಂಡಳು, ಪಾಪ.

"ಬಾಗಿಲು ಬಿಡು" ಎಂದ ಹಲ್ಲು ಕಚ್ಚಿ. "ಇನ್ನೇನು ಮುಗೀತಾ ಬಂತು. ಬಾಗಿಲು ಬಿಡು ಅಂದೆ!"

"ನಿಮ್ಮಮ್ಮ ಕಣ್ರೀ!"

ಬಾಗಿಲ ಸಂದಿಗೆ ಕೊಟ್ಟಿದ್ದ ಅವಳ ಪಾದವನ್ನು ಅವನು ತನ್ನ ಪಾದದಿಂದ ಒತ್ತಿ ಆಚೆ ತಳ್ಳಿದ. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಒಳಗಿನಿಂದ ಅವನ ದನಿ ಬಂತು: "ಮುಖಕ್ಕೆ ಸ್ವಲ್ಪ ನೀರು ಹಾಕು." ಒಂದು ಗಳಿಗೆ ಬಿಟ್ಟು, "ಬೇಡ, ಬೇಡ, ನೀರು ಬೇಡ. ಗಾಳಿ ಹಾಕು" ಎಂದ. ಆಮೇಲೆ ಬಾಗಿಲ ಕೆಳಗಿನ ಸಂದಿಗೆ ಒಳಗಿನಿಂದ ಬಟ್ಟೆ ತುರುಕುವುದು ಅವಳಿಗೆ ಕಾಣಿಸಿತು. ಒಂದೊಂದೇ ಬೆರಳಿನಿಂದ ಒತ್ತಿ, ಅಂಚಿನ ತನಕ ಅಚ್ಚುಕಟ್ಟಾಗಿ ತುರುಕಿದ.

ಅವಳು ತಿರುಗಿದರೆ ಅತ್ತೆ ಗೋಡೆ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಹೇಗೆ ಎದ್ದು ಬಂದರೋ. ಸೊಸೆಯನ್ನು ಸರಿಸಿ, ಬಾಗಿಲಿಗೆ ಅಂಗೈಯಿಂದ ಬಡಿದರು.

"ಕಂದಾ, ಬಾಗಿಲು ತೆಗಿಯೋ. ನಾನು ಕಣೋ."

ಒಳಗೆ ಕುರ್ಚಿ ಕಿರ್ರೆಂದಿತು. ಎದ್ದ ಎಂದುಕೊಂಡರು ಇಬ್ಬರೂ. ಅವನು ಏಳಲಿಲ್ಲ.

"ನಾನು ಕಣೋ, ಅಮ್ಮ" ಎಂದು ಇನ್ನೊಮ್ಮೆ ಕರೆದು ಅತ್ತೆ ಬಾಗಿಲ ಬುಡದಲ್ಲೇ ಕುಸಿದರು.

ಸೊಸೆ ಬಾಲ್ಕನಿಗೆ ಓಡಿ ಕೂಗಿದ ಕೂಗಿಗೆ ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪಿನ ಸಮೇತ ಮೆಟ್ಟಿಲು ಹತ್ತಿ ಬಂದರು. ಇಬ್ಬರೂ ಸೇರಿ ಅತ್ತೆಯನ್ನು ದರದರ ಎಳೆದುಕೊಂಡು ಹೋಗಿ ಬಚ್ಚಲಿನಲ್ಲಿ ಮಲಗಿಸಿ, ನಲ್ಲಿ ಬಿಟ್ಟು, ತಲೆಗೆ, ಎದೆಗೆ, ಕಾಲಿಗೆ ಚೊಂಬು ಚೊಂಬು ನೀರು ಸುರಿದರು. ಟೈಲರಮ್ಮ ಡಾಕ್ಟರಿಗೆ ಫೋನು ಮಾಡಿ, "ನಿಮ್ಮನೆಯೋರೆಲ್ಲಿ? ಇವತ್ತು ರಜ ಅಲ್ವಾ?" ಎಂದು ಕೇಳಿದರು.

ಇಲ್ಲಿ ಅವಳು ಒಂದು ತಪ್ಪು ಮಾಡಿದಳು. ನಾಚಿಕೆಯೋ, ಗಂಡನ ಮಾನ ಮುಚ್ಚಿ ಮುಚ್ಚಿ ಬಿದ್ದಿದ್ದ ಅಭ್ಯಾಸವೋ, ಅವಳ ಬಾಯಿಂದ ಬಂದದ್ದು ಇಷ್ಟು: "ಒಳಗಿದ್ದಾರೆ. ಹೆಡ್‌ಫೋನ್ ಹಾಕ್ಕೊಂಡಿದ್ದಾರೆ, ಕೇಳಿಸ್ತಿಲ್ಲ."

ಅತ್ತೆ ಒಮ್ಮೆ ನೀರು ಉಗುಳಿ ಕೆಮ್ಮುವ ಹೊತ್ತಿಗೆ ಚಿಲಕ ತೆರೆದ ಸದ್ದಾಯಿತು. "ಮೊದಲನೇ ಸ್ಥಾನ! ಅಮ್ಮ, ಮೊದಲನೇ ಸ್ಥಾನ!" ಎಂದು ಕೂಗುತ್ತ ಹಿಮರಾಜ ಹೊರಗೆ ಬಂದ. ಬಚ್ಚಲ ಬಾಗಿಲಲ್ಲಿ ಟೈಲರಮ್ಮನನ್ನು ಕಂಡು ಅವನ ಮುಖ ಬದಲಾಯಿತು. ಎಷ್ಟು ಬೇಗ ಬದಲಾಯಿತು ಎಂದರೆ ಸೊಸೆಯ ಕೈಯಲ್ಲಿದ್ದ ಚೊಂಬು ಅಲ್ಲೇ ನಿಂತಿತು.

"ಅಯ್ಯೋ, ಅಮ್ಮ! ಏನಾಯ್ತು? ನನ್ನ ಯಾಕೆ ಕರೀಲಿಲ್ಲ?"

"ಹೆಡ್‌ಫೋನ್ ಹಾಕಿದ್ರಂತಲ್ಲಪ್ಪ" ಎಂದರು ಟೈಲರಮ್ಮ.

ಅವನು ಹೆಂಡತಿಯ ಮುಖ ನೋಡಿದ. "ಹೌದು, ಅದೇ" ಎಂದು ಹೆಡ್‌ಫೋನನ್ನು ಕುತ್ತಿಗೆಯಿಂದ ತೆಗೆದು, "ಥೂ, ಹಾಳಾದ್ದು" ಎಂದು ಬೈದ. ಅಮ್ಮನನ್ನು ಮಗುವನ್ನು ಎತ್ತುವ ಹಾಗೆ ಒಂದೇ ಸಲಕ್ಕೆ ಎತ್ತಿಕೊಂಡು ಹೋಗಿ ತಂಪು ಕೋಣೆಯ ಮಂಚದ ಮೇಲೆ ಮಲಗಿಸಿದ. ಏಸಿಯೊಂದು ಬಿಟ್ಟು ಉಳಿದ ಯಂತ್ರಗಳನ್ನೆಲ್ಲ ಆರಿಸಿಯಾಗಿತ್ತು, ಗೆಲುವು ದಾಖಲಾದ ಮೇಲೆ ಬೋರ್ಡು ಒದ್ದೆಯಾದರೂ ಅವನಿಗೆ ಚಿಂತೆಯಿರಲಿಲ್ಲ. ಡಾಕ್ಟರು ಬಂದು ಗ್ಲೂಕೋಸು ಏರಿಸಿ, "ತಂಪಾದ ಕೋಣೆ ಇದ್ದದ್ದು ಒಳ್ಳೇದಾಯ್ತು" ಎಂದು ಅವನ ಬೆನ್ನು ತಟ್ಟಿ ಹೋದರು.

ಸಂಜೆ ಅತ್ತೆ ಕಣ್ಣು ಬಿಟ್ಟರು. ಮೊದಲು ಮಗನನ್ನು ಹುಡುಕಿದರು.

"ಗೆದ್ಯೇನೋ?"

"ಗೆದ್ದೆ ಅಮ್ಮ."

ಹಾಲು ಕೊಡಲು ಮತ್ತೆ ಬಂದಿದ್ದ ಟೈಲರಮ್ಮ ಕಾಲ ಬಳಿ ಕೂತು, "ಇಷ್ಟು ತಂಪು ಕೋಣೆ ಇಟ್ಕೊಂಡು ಆ ಬೆಂಕಿಯೊಳಗೆ ಯಾಕಮ್ಮ ಇದ್ರಿ?" ಎಂದು ಕೇಳಿದರು.

ಅತ್ತೆ ಮಗನನ್ನು ನೋಡಿದರು. ಮಗ ಕಿಟಕಿಯ ಕಡೆ ನೋಡಿದ. ಅತ್ತೆಯ ದೃಷ್ಟಿ ನಿಧಾನವಾಗಿ ಸೊಸೆಯ ಮೇಲೆ ಬಂದು ನಿಂತಿತು.

"ಇವಳು ಈ ಬಾಗಿಲಿಗೆ ಚಿಲಕ ಹಾಕಿದ್ಲು. ಮಗನ ಹತ್ರ ಹೋಗ್ತೀನಿ ಅಂದ್ರೂ ಬಿಡ್ಲಿಲ್ಲ."

ಆ ಬಾಗಿಲಿಗೆ ಹೊರಗಡೆ ಚಿಲಕವೇ ಇಲ್ಲ. ವರ್ಷಗಟ್ಟಲೆ ಅದೇ ಕೋಣೆಯಲ್ಲಿ ಮಲಗಿದ ಅತ್ತೆಗೆ ಅದು ಗೊತ್ತಿಲ್ಲದ್ದಲ್ಲ. ಜ್ವರದ ಕನವರಿಕೆಯಿರಬೇಕು ಎಂದು ಸೊಸೆ ಬಗ್ಗಿ ನೋಡಿದಳು. ಅತ್ತೆಯ ಕಣ್ಣು ತಿಳಿಯಾಗಿತ್ತು.

"ನಾನಲ್ಲ. ಇವರು ಹಾಕಿದ್ದು, ಒಳಗಡೆಯಿಂದ. ಅತ್ತೆ ಬಡೀತಾ ಇದ್ರೂ ತೆಗೀಲಿಲ್ಲ" ಎಂದಳು.

"ಕೇಳಿಸ್ತಿಲ್ಲ ಅಂತ ನೀನೇ ಹೇಳ್ದೆ ತಾನೆ ನನಗೆ?" ಎಂದರು ಟೈಲರಮ್ಮ. ಅವರ ದನಿ ಅಷ್ಟರಲ್ಲೇ ಬೇರೆಯಾಗಿತ್ತು.

ಅವಳು ಗಂಡನ ಕಡೆ ತಿರುಗಿದಳು. ಅವನ ಒಂದು ಮಾತು ಸಾಕಾಗಿತ್ತು. ಅವನು ಅಮ್ಮನ ಹಣೆ ಸವರಿ, ದೊಡ್ಡ ಮನಸ್ಸಿನವನ ಹಾಗೆ ನಿಟ್ಟುಸಿರಿಟ್ಟ.

"ಬಿಡಮ್ಮ. ಈ ಸೆಕೇಲಿ ಯಾರ ತಲೆ ಸರಿಯಿರುತ್ತೆ? ತಿಳೀದೆ ಮಾಡಿದ್ಲು. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ, ನೀನೂ ಇಟ್ಕೋಬೇಡ."

ಟೈಲರಮ್ಮ ಎದ್ದು ನಿಂತರು. "ಬೇರೆ ಗಂಡಸಾಗಿದ್ರೆ ಇಷ್ಟು ಹೊತ್ತಿಗೆ ನಿನ್ನ ಬೀದಿಗೆ ತಳ್ಳಿರೋನು" ಎಂದು ಅವಳಿಗೆ ಹೇಳಿದರು. ಬಾಗಿಲ ತನಕ ಹೋದವರು ತಿರುಗಿ, "ನಾಳೆಯಿಂದ ಅಂಗಡಿಗೆ ಬರೋದು ಬೇಡ. ಮನೇಲಿದ್ದು ಅತ್ತೇನ ನೋಡ್ಕೋ" ಎಂದು ಮೆಟ್ಟಿಲು ಇಳಿದು ಹೋದರು. ಅಷ್ಟರಲ್ಲಿ ಹಿಮರಾಜನ ಫೋನು ಬಡಿದುಕೊಂಡಿತು. ಗೆಳೆಯರ ಅಭಿನಂದನೆ. ಅವನು ನಗುತ್ತ ಹೊರಗೆ ನಡೆದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಸೊಸೆ ಹಾಲಿನ ಲೋಟ ಎತ್ತಿಕೊಳ್ಳಲು ಬಗ್ಗಿದಳು. ಅತ್ತೆ ಸೂಜಿ ಚುಚ್ಚಿದ್ದ ಕೈಯನ್ನು ಮೆಲ್ಲಗೆ ಚಾಚಿ ಅವಳ ಮಣಿಕಟ್ಟು ಹಿಡಿದರು.

"ಅವನು ನನ್ನ ಮಗ ಕಣೇ" ಎಂದರು ಪಿಸುದನಿಯಲ್ಲಿ. "ಅವನು ಮಾಡಿದ ಅಂದ್ಕೊಂಡು ನಾನು ಹೇಗೆ ಬದುಕ್ಲಿ? ನೀನಾದ್ರೆ ಹೊರಗಿಂದ ಬಂದೋಳು. ನಿನಗೇನು, ತಡ್ಕೋತೀಯ."

ಹೇಳಿ ಮುಗಿಸಿ ನೀರು ಕೇಳಿದರು. ಸೊಸೆ ಲೋಟ ತುಂಬಿಸಿ, ತಲೆ ಎತ್ತಿ ಹಿಡಿದು, ಕುಡಿಸಿದಳು.