ಎಣ್ಣೆ ನೋಡಿದ್ಯಾ?

ಗುಂಡ್ಲುಪೇಟೆಯಲ್ಲಿ ಅವನನ್ನು ಬರೀ ಮೃತ್ಯುಂಜಯ ಅಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಕಿವಿ ಮೃತ್ಯುಂಜಯ ಅನ್ನಬೇಕಿತ್ತು. ಚಾಮರಾಜನಗರ ರಸ್ತೆಯ ಅವನ ಗ್ಯಾರೇಜಿಗೆ ಸದ್ದು ಮಾಡುವ ಕಾರು ಬಂತೆಂದರೆ, ಉದ್ದನೆಯ ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. "ಮೇಲಿನ ಸದ್ದು, ಭಯ ಇಲ್ಲ" ಅಂತಲೋ "ಕೆಳಗಿನ ಸದ್ದು, ಬೇರಿಂಗ್ ಹೋಯ್ತು" ಅಂತಲೋ ಅವನ ಬಾಯಿಂದ ಬಂದರೆ ಮುಗಿಯಿತು. ಆ ಮಾತು ತಪ್ಪಿದ್ದಿಲ್ಲ. ಹೀಗೆ ತಪ್ಪದೆ ತಪ್ಪದೆ ಮನುಷ್ಯನಿಗೆ ಒಂದಿಷ್ಟು ಕೊಬ್ಬು ಸೇರಿಕೊಂಡಿತ್ತು. ಈಚೆಗೆ ಫೋನಿನಲ್ಲೇ ಸದ್ದು ಕೇಳಿ ಹೇಳುವ ಚಾಳಿ ಬೇರೆ ಹಿಡಿದಿತ್ತು.

ಆವತ್ತು ನಾಲ್ಕು ಗಂಟೆಯ ಹೊತ್ತಿಗೆ ಫೋನು ಮಾಡಿದವಳು ಅವನ ಮಗಳು ಬೃಂದಾ. ಡ್ರೈವಿಂಗ್ ಕಲಿತು ಮೂರು ತಿಂಗಳಾಗಿತ್ತಷ್ಟೆ. ಅಜ್ಜಿ ಗಂಗಾಂಬಿಕೆಯನ್ನು ಕೂರಿಸಿಕೊಂಡು ಗೂಡಲೂರಿನ ನೆಂಟರ ಮನೆಗೆ ಹೋಗಿದ್ದವಳು ಈಗ ವಾಪಸು ಬರುತ್ತಾ ಬಂಡೀಪುರದ ಕಾಡಿನ ಆಚೆ, ತೆಪ್ಪಕಾಡಿನ ಟೀ ಅಂಗಡಿಯ ಮುಂದೆ ನಿಂತಿದ್ದಳು.

"ಅಪ್ಪಾ, ಇಂಜಿನ್ ಟಕಟಕ ಅಂತದೆ. ಏರಲ್ಲಿ ಇನ್ನೂ ಜಾಸ್ತಿ."

"ಬಾನೆಟ್ ಎತ್ತಿ ಫೋನ್ ಅತ್ರ ಇಡು."

ಬಸ್ಸಿನ ಹಾರನ್ನು, ಯಾರದೋ ತಮಿಳು ಮಾತು, ಇವುಗಳ ನಡುವೆ ತೆಳ್ಳಗೆ ಟಿಕ್ ಟಿಕ್ ಅನ್ನುವುದು ಕೇಳಿಸಿತು. ಮೇಲಿನ ಸದ್ದು ಅಂದುಕೊಂಡ ಮೃತ್ಯುಂಜಯ. ಆದರೂ ಕೇಳಬೇಕಾದ್ದನ್ನು ಕೇಳಿದ.

"ಎಣ್ಣೆ ನೋಡಿದ್ಯಾ?"

"ನೋಡ್ದೆ ಕಣಪ್ಪಾ. ಫುಲ್ ಅದೆ."

"ಅಂಗಾದ್ರೆ ಏನೂ ಆಗಕಿಲ್ಲ, ಬಾ. ಕಾಡಲ್ಲಿ ಮಾತ್ರ ಎಲ್ಲೂ ನಿಲ್ಲಿಸ್ಬ್ಯಾಡ ಕಣಮ್ಮಿ. ಏನೇ ಆದ್ರೂ ಇಂಜಿನ್ ಆರಿಸ್ಬ್ಯಾಡ. ಸೀದಾ ಬಂದ್ಬುಡು."

ಫೋನು ಜೇಬಿಗಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಹರವೆಯ ಶಂಭುಲಿಂಗಪ್ಪ ತನ್ನ ಪಿಕಪ್ ಗಾಡಿ ತಂದು ನಿಲ್ಲಿಸಿದ. ವಯಸ್ಸಾದ ಗಿರಾಕಿ, ಇಳಿಯುವ ಮೊದಲೇ ಮಾತು ಶುರು.

"ಎಡ್‌ಲೈಟ್ ಒಂಚೂರು ನೋಡ್ಬುಡ್ಲಾ ಮೃತ್ಯುಂಜಯ. ಆಗ್ಲೇ ಬರ್ಬೇಕಿತ್ತು. ಎಣ್ಣೆ ಫುಲ್ ಮಾಡ್ಸನ ಅಂತ ಬಂಕಿಗೆ ಓದ್ರೆ ಅಲ್ಲಿ ಒಂದು ಮೈಲಿ ಕ್ಯೂ ಕಣ್ಲಾ!"

ಒರೆಸಿಕೊಳ್ಳುತ್ತಿದ್ದ ಮೃತ್ಯುಂಜಯನ ಕೈ ಹಾಗೇ ನಿಂತಿತು. ಎಣ್ಣೆ ಫುಲ್. ಬಂಕಿನಲ್ಲಿ.

ಗ್ಯಾರೇಜಿನಲ್ಲಿ ದಿನವೆಲ್ಲ ಆಯಿಲ್ ಆಯಿಲ್ ಅನ್ನುವ ಅವನ ಬಾಯಿ ಮನೆಯವರ ಜೊತೆ ಮಾತಾಡುವಾಗ ಎಣ್ಣೆ ಅನ್ನುತ್ತಿತ್ತು. ಮನೆಯವರಿಗೋ, ಊರಿಗೆಲ್ಲ ಇರುವಂತೆ, ಗಾಡಿಗೆ ಹಾಕಿಸುವ ಎಣ್ಣೆ ಅಂದರೆ ಡೀಸೆಲ್. ಅವನು ಕೇಳಿದ್ದು ಇಂಜಿನ್ ಆಯಿಲ್. ಅವಳು ಹೇಳಿದ್ದು ಡೀಸೆಲ್. ಒಂದೇ ಮಾತು ಇಬ್ಬರ ನಡುವೆ ಎರಡಾಗಿ ಹೋಗಿತ್ತು. ಏರಲ್ಲಿ ಜಾಸ್ತಿ ಅಂದಿದ್ದಳಲ್ಲ, ಏರಿಗೆ ಜೋರಾಗುವುದು ಕೆಳಗಿನ ಸದ್ದೇ! ಫೋನಿನಲ್ಲಿ ಕೆಳಗಿನ ದಪ್ಪ ಸದ್ದು ಕೇಳಿಸುವುದೇ ಇಲ್ಲ ಅನ್ನುವುದು ಇಷ್ಟು ವರ್ಷದ ಮೆಕ್ಯಾನಿಕ್ಕಿಗೆ ಈಗ ಹೊಳೆಯಿತು.

ಆಯಿಲ್ ಇಲ್ಲದ ಇಂಜಿನ್ನು ಕಾಡಿನ ಮಧ್ಯೆ ಯಾವ ಗಳಿಗೆಯಲ್ಲಾದರೂ ಬಿಗಿದು ಹಿಡಿದುಕೊಂಡು ನಿಂತುಬಿಡಬಹುದು. ಆಮೇಲೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸುತ್ತ ಆನೆಗಳ ಜಾಗ, ಒಳಗೆ ಒಬ್ಬಳು ಹುಡುಗಿ, ಒಬ್ಬಳು ಮುದುಕಿ. ಸಾಲದ್ದಕ್ಕೆ ಏನೇ ಆದರೂ ಆರಿಸಬೇಡ ಅಂತ ತಾನೇ ಹೇಳಿ ಕಳಿಸಿದ್ದ. ಫೋನು ಮಾಡಿದ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂದಿತು. ಮತ್ತೆ ಮಾಡಿದ. ಮತ್ತೆ ಅದೇ.

"ಶಂಭುಲಿಂಗಣ್ಣ, ನಿನ್ ಗಾಡಿ ತಿರುಗ್ಸು. ಬಂಡೀಪುರಕ್ಕೆ ನಡಿ." ಆಯಿಲ್ ಡಬ್ಬ, ಎಳೆಯುವ ಹಗ್ಗ ಎರಡನ್ನೂ ಹಿಂದಕ್ಕೆ ಎಸೆದು ಹತ್ತಿ ಕೂತ.

"ಯಾಕ್ಲಾ, ಏನಾಯ್ತು?"

"ಮಗಳು ಅವ್ಳೆ ಕಣಣ್ಣ ಕಾಡಲ್ಲಿ. ನಾನೇ ತಪ್ಪು ಏಳ್ಬುಟ್ಟೆ."

ಶಂಭುಲಿಂಗಪ್ಪ ಗಾಡಿ ತಿರುಗಿಸಿದ. ಎದುರಿಗೆ ಬರುವ ಪ್ರತಿ ಬಿಳಿ ಕಾರನ್ನೂ ಮೃತ್ಯುಂಜಯ ಕತ್ತು ಚಾಚಿ ನೋಡಿದ. ಒಂದೂ ಅವನದಲ್ಲ. ಚೆಕ್‌ಪೋಸ್ಟ್ ದಾಟಿತು, ಬಂಡೀಪುರ ದಾಟಿತು.

ಆಮೇಲೆ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಇಂಜಿನ್ ಆರಿಸಿಕೊಂಡು ತೆಪ್ಪಗಿದ್ದವು. ಶಂಭುಲಿಂಗಪ್ಪನೂ ಹಿಂದೆ ನಿಲ್ಲಿಸಿ ಆರಿಸಿದ. ಮುಂದೆ, ರಸ್ತೆಯ ನಡುವೆ, ಒಂದು ಆನೆ ಮತ್ತು ಅದರ ಮರಿ. ಆನೆಯ ಆಚೆ ಕಡೆಯ ಸಾಲಿನಲ್ಲಿ ಮೊದಲು ನಿಂತಿದ್ದದ್ದೇ ಅವನ ಕಾರು.

ಆ ಸದ್ದು ಕೇಳಲು ಸ್ಕ್ರೂಡ್ರೈವರೂ ಬೇಕಿರಲಿಲ್ಲ. ಅಷ್ಟು ದೂರಕ್ಕೂ ಕೇಳುತ್ತಿತ್ತು: ಧಡ್, ಧಡ್, ಧಡ್. ಕೆಳಗಿನ ಸದ್ದು. ಇಡೀ ಕಾಡಿನಲ್ಲಿ ಆರದೆ ಇದ್ದದ್ದು ಅದೊಂದೇ ಇಂಜಿನ್ನು.

ಆನೆ ಕಿವಿ ಅಗಲಿಸಿ ಆ ಸದ್ದಿನ ಕಡೆಗೇ ತಿರುಗಿ ನಿಂತಿತ್ತು. ಕಾರಿನ ಬೆನ್ನಿಗೆ ಒಂದು ಬಸ್ಸು, ರಿವರ್ಸು ತೆಗೆಯಲು ಜಾಗವಿರಲಿಲ್ಲ. ಮೃತ್ಯುಂಜಯ ಬಾಗಿಲಿಗೆ ಕೈ ಹಾಕಿದ. ಶಂಭುಲಿಂಗಪ್ಪ ಅವನ ಅಂಗಿ ಹಿಡಿದು ಎಳೆದ.

"ಇಳೀಬ್ಯಾಡ ಕಣ್ಲಾ. ನೀನ್ ಕೂಗುದ್ರೆ ಅದು ಅವ್ಳ ಮೇಲೇ ನುಗ್ತದೆ."

ಆರಿಸು, ಆರಿಸವ್ವಾ, ಅಂತ ಅವನು ಬಾಯೊಳಗೇ ಅನ್ನುತ್ತಿದ್ದ. ತಾನು ಆರಿಸಬೇಡ ಅಂದ ಮೇಲೆ ಅವಳು ಆರಿಸುವವಳಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆನೆ ಕಾರಿನ ಕಡೆಗೆ ಒಂದು ಹೆಜ್ಜೆ ಇಟ್ಟಿತು. ಇನ್ನೊಂದು ಹೆಜ್ಜೆ ಇಟ್ಟಿತು.

ಸದ್ದು ನಿಂತಿತು.

ಆರಿಸಿದಳೋ, ಇಂಜಿನ್ನೇ ಹಿಡಿದುಕೊಂಡಿತೋ? ಅವನ ಹೆಸರುವಾಸಿ ಕಿವಿಗೆ ಅದು ತಿಳಿಯಲಿಲ್ಲ. ಆನೆ ಹಾಗೇ ನಿಂತು ಸೊಂಡಿಲೆತ್ತಿ ಗಾಳಿ ಮೂಸಿತು. ಆಮೇಲೆ ಮರಿಯನ್ನು ಮುಂದೆ ತಳ್ಳಿಕೊಂಡು, ಯಾವ ಅವಸರವೂ ಇಲ್ಲದೆ, ಪೊದೆಯೊಳಕ್ಕೆ ಇಳಿದು ಹೋಯಿತು.

ಸಾಲಿನ ಪಕ್ಕದಿಂದ ಮುಂದೆ ಬಂದ ಪಿಕಪ್ ಪೂರ್ತಿ ನಿಲ್ಲುವ ಮೊದಲೇ ಮೃತ್ಯುಂಜಯ ಹಾರಿ ಓಡಿದ. ಬೃಂದಾ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡದೆ ಕೂತಿದ್ದಳು. ಪಕ್ಕದಲ್ಲಿ ಗಂಗಾಂಬಿಕೆ ಸೆರಗಿನ ತುದಿಗೆ ಏನನ್ನೋ ಗಂಟು ಹಾಕಿಕೊಳ್ಳುತ್ತಿದ್ದಳು. ಕಾರಿನ ಕೀ.

"ನಾನೇ ಕಿತ್ಕಬುಟ್ಟೆ" ಅಂದಳು ಮುದುಕಿ ಮಗನ ಮುಖ ನೋಡಿ. "ಚಂದಕವಾಡಿ ತೋಟದಲ್ಲಿ ನಿಮ್ಮಪ್ಪ ಪಂಪಿನ ಇಂಜಿನ್ನಿಗೆ ಆಯಿಲ್ ಉಯ್ಯೋದ ಮರ್ತಾಗ ಇಂಗೇ ಬಡ್ಕಂಡಿತ್ತು. ಆರ್ಸು ಆರ್ಸು ಅಂತ ಆಗ್ಲಿಂದ ಏಳ್ತಾವ್ನಿ. ಕೇಳುದ್ರೆ ತಾನೆ? ಅಪ್ಪ ಬ್ಯಾಡ ಅಂದವ್ನೆ ಅಂತ ಒಂದೇ ಪಟ್ಟು."

ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು ನೋಡಿದ. ಒರೆಸಿ, ಇಳಿಸಿ, ಮತ್ತೆ ಎಳೆದ. ತುದಿಯಲ್ಲಿ ಒಂದು ಕರೀ ಕಲೆ ಬಿಟ್ಟರೆ ಕಡ್ಡಿ ಒಣಗಿತ್ತು.

"ಎಣ್ಣೆ ನೋಡ್ದೆ ಅಂದ್ಯಲ್ಲವ್ವಾ."

"ಡೀಸೆಲ್ ಮುಳ್ಳು ನೋಡ್ದೆನಲ್ಲಪ್ಪಾ, ಫುಲ್ಲಾಗಿತ್ತು." ಅವಳ ದನಿ ಒಡೆಯಿತು. "ಆಮೇಲೆ ಕೆಂಪು ದೀಪ ಬಂತು. ಸದ್ದು ಜೋರಾಯ್ತು. ಆನೆ ನಮ್ ಕಡೀಕೇ ತಿರುಗ್ತು. ಏನೇ ಆದ್ರೂ ಅಂದಿದ್ಯಲ್ಲಾ, ಅದುಕ್ಕೇ ಆರಿಸ್ಲಿಲ್ಲ. ನಾನು ತಪ್ಪು ಮಾಡ್ದ್ನಾಪ್ಪಾ?"

"ಇಲ್ಲ ಕಣವ್ವಾ. ನಾನು ಏಳ್ದಂಗೇ ಮಾಡಿದ್ದೀಯ."

ಆನೆಗಿಂತ ಆ ಮಾತು ಅವನನ್ನು ಹೆಚ್ಚು ಹೆದರಿಸಿತು. ಹಗ್ಗ ಕಟ್ಟಲು ಹೋದರೆ ಗಂಟು ಬೀಳಲಿಲ್ಲ, ಶಂಭುಲಿಂಗಪ್ಪನೇ ಕಟ್ಟಿದ. ಹಿಂದಿನ ಬಸ್ಸು ಹಾರನ್ ಹೊಡೆಯತೊಡಗಿತು.

"ಅಪ್ಪಾ, ಈಗ ನಾನೇನ್ ಮಾಡ್ಲಿ?" ಕಣ್ಣೊರೆಸಿಕೊಂಡು ಬೃಂದಾ ಕೇಳಿದಳು.

ಮೃತ್ಯುಂಜಯ ಹೇಳಲು ಬಾಯಿ ತೆರೆದ. ಹಾಗೇ ಮುಚ್ಚಿಕೊಂಡ.

"ಅಜ್ಜೀನ ಕೇಳವ್ವಾ" ಅಂದ.