ಕಾಣದ ಕಡ್ಡಿ

ನಾನು ಚಿಕ್ಕವಳಿದ್ದಾಗ ಅಜ್ಜಿ ಒಬ್ಬ ರಾಕ್ಷಸಿಯ ಕಥೆ ಹೇಳುತ್ತಿದ್ದಳು. ಆ ರಾಕ್ಷಸಿಗೆ ಬಾಗಿಲೂ ಬೇಡ, ಕಿಟಕಿಯೂ ಬೇಡ. ಮಲಗಿದವರ ತಲೆದೆಸೆಯಲ್ಲಿ ಕೂತು ಮುಖದ ಮೇಲಿನ ತೂತುಗಳನ್ನು ಎಣಿಸುತ್ತಾಳೆ. ಕಣ್ಣು ಎರಡು, ಕಿವಿ ಎರಡು, ಮೂಗಿನ ಹೊಳ್ಳೆ ಎರಡು, ಬಾಯಿ ಒಂದು. ಲೆಕ್ಕಕ್ಕಿಂತ ಒಂದು ಹೆಚ್ಚು ಸಿಕ್ಕಿತೋ, ಅದರಲ್ಲೇ ಒಳಗೆ ನುಗ್ಗುತ್ತಾಳೆ.

"ಹಾಗಾದ್ರೆ ಓಲೆ ಹಾಕ್ಕೊಳ್ಳೋ ತೂತು?" ಎಂದು ನಾನು ಕೇಳುತ್ತಿದ್ದೆ.

"ಅದಕ್ಕೆ ಬೀಗ ಹಾಕಿದೀನಲ್ಲೇ, ಪೆದ್ದಿ," ಎಂದು ಅಜ್ಜಿ ತನ್ನ ಎಡಗಿವಿಯ ಮೇಲಂಚಿನ ಸಣ್ಣ ಹಸಿರು ಹರಳನ್ನು ಮುಟ್ಟಿ ತೋರಿಸುತ್ತಿದ್ದಳು.

ಅಜ್ಜಿ ಹೋದ ಮೇಲೆ ಅಮ್ಮ ಆ ಹರಳನ್ನು ನನ್ನ ಕೈಗೆ ಹಾಕಿದಳು. ಅದೇ ಎಡಗಿವಿಗೆ, ಅದೇ ಜಾಗದಲ್ಲಿ ಚುಚ್ಚಿಸಿಕೊಂಡು ಬಂದೆ. ಆದರೆ ನಾನು ಕೆಲಸಕ್ಕಿದ್ದದ್ದು ಬಿಸ್ಕತ್ತಿನ ಕಾರ್ಖಾನೆಯಲ್ಲಿ. ಒಳಗೆ ಕಾಲಿಡುವಾಗ ಮೈಮೇಲೆ ಓಲೆ, ಉಂಗುರ, ಗಡಿಯಾರ ಏನೂ ಇರುವಂತಿಲ್ಲ. ಹಸಿ ತೂತನ್ನು ಒಂದು ದಿನ ಖಾಲಿ ಬಿಟ್ಟರೂ ಮುಚ್ಚಿಕೊಳ್ಳುತ್ತದೆ ಎಂದ ಚುಚ್ಚಿದವನೇ ಉಪಾಯವನ್ನೂ ಹೇಳಿಕೊಟ್ಟ. ಗಾಜಿನಷ್ಟು ತಿಳಿಯಾದ ಒಂದು ಪ್ಲಾಸ್ಟಿಕ್ ಕಡ್ಡಿ, ಅಕ್ಕಿಕಾಳಿನಷ್ಟು ಉದ್ದ. "ಕೆಲಸಕ್ಕೆ ಇದನ್ನ ಹಾಕ್ಕೊಂಡು ಹೋಗಮ್ಮ. ದೇವರಿಗೂ ಕಾಣಲ್ಲ."

ಕಾಣಲೂ ಇಲ್ಲ. ಐದು ವಾರ ಯಾರಿಗೂ ಕಾಣಲಿಲ್ಲ.

ಒಳಬಾಗಿಲಲ್ಲಿ ನಿಲ್ಲುವ ಸೂಪರ್‌ವೈಸರ್ ಮೇಡಮ್ ಕುತ್ತಿಗೆಯಲ್ಲಿ ಸದಾ ಒಂದು ಪೆನ್ ಟಾರ್ಚ್ ನೇತಾಡುತ್ತಿತ್ತು. ಅದಕ್ಕೇ ನಾವೆಲ್ಲ ಬೆನ್ನ ಹಿಂದೆ ಅವರನ್ನು ಟಾರ್ಚಮ್ಮ ಅನ್ನುತ್ತಿದ್ದೆವು. ಆ ದಿನ ಬೆಳಿಗ್ಗೆಯೂ ಏಳು ಗಂಟೆಗೆ ಒಬ್ಬೊಬ್ಬರ ಕಿವಿ, ಮೂಗು, ನಾಲಿಗೆಯ ಮೇಲೆ ಬೆಳಕು ಬಿಡುತ್ತ ನಿಂತಿದ್ದರು. ನನ್ನ ಮುಂದೆ ಚಿತ್ರಕ್ಕ ಇದ್ದಳು. ಹಿಟ್ಟು ಕಲಸುವ ಯಂತ್ರ ಅವಳದು. ಎರಡೂ ಕೈಯ ಮೇಲೆ ಭುಜದಿಂದ ಬೆರಳ ಗೆಣ್ಣಿನವರೆಗೆ ಬಳ್ಳಿ, ಮೀನು, ನವಿಲುಗರಿ, ಎಲ್ಲ ಹಚ್ಚೆ. ಆ ಹೆಸರು ಬಂದದ್ದೇ ಅದರಿಂದ.

"ಬಂದ್ಲಪ್ಪ ಗೋಡೆ ಬರಹ," ಎಂದರು ಟಾರ್ಚಮ್ಮ. "ತೋಳು ಹಾಕ್ಕೋ, ತೋಳು. ನೋಡಿದವರಿಗೆ ಬಿಸ್ಕತ್ತು ತಿನ್ನೋಕೆ ಮನಸ್ಸಾಗಲ್ಲ."

ಹಚ್ಚೆ ಮುಚ್ಚಬೇಕೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಆದರೂ ಅವಳೊಬ್ಬಳಿಗೆ ನೀಲಿ ಪ್ಲಾಸ್ಟಿಕ್ ತೋಳು. ಓವನ್ನಿನ ಕಾವಿನಲ್ಲಿ ಅದರೊಳಗೆ ಬೆವರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ಚಿತ್ರ ಹಿಟ್ಟಿಗೆ ಉದುರಲ್ಲ ಮೇಡಮ್," ಎಂದಳು ಚಿತ್ರಕ್ಕ ತೋಳು ಏರಿಸುತ್ತ. "ನಲವತ್ತು ವರ್ಷ ಉಜ್ಜಿ ಸ್ನಾನ ಮಾಡಿದರೂ ನನ್ನ ಮೀನು ಒಂದಿಂಚು ಈಜಿಲ್ಲ."

ಸಾಲಿನಲ್ಲಿದ್ದವರು ನಕ್ಕರು. ಟಾರ್ಚಮ್ಮ ನಗಲಿಲ್ಲ. ನನ್ನ ಸರದಿ ಬಂತು. ಬೆಳಕು ನನ್ನ ಕಿವಿಯ ಮೇಲೆ ಬಿತ್ತು, ಕಡ್ಡಿಯನ್ನು ದಾಟಿ ನೀರಿನಲ್ಲಿ ಹೋದ ಹಾಗೆ ಹೋಗಿಬಿಟ್ಟಿತು.

"ನೋಡಿ ಕಲೀರಿ. ಹುಡುಗಿ ಅಂದ್ರೆ ಹೀಗಿರಬೇಕು. ಮುಂದಿನ ತಿಂಗಳು ನಿನ್ನ ಕೆಲಸ ಖಾಯಂ ಮಾಡೋಕೆ ಬರೆದಿದೀನಿ, ಗೊತ್ತಾ?"

ಗೊತ್ತಿತ್ತು. ಮನೆಯಲ್ಲಿ ಅಮ್ಮ ಆ ತಿಂಗಳಿಗಾಗಿಯೇ ಉಸಿರು ಹಿಡಿದು ಕೂತಿದ್ದಳು. 'ಮೈಮೇಲೆ ಏನೂ ಇಲ್ಲ' ಎಂದು ಅಚ್ಚಾಗಿದ್ದ ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಹೋದೆ.

ನನ್ನ ಕೆಲಸ ದೊಡ್ಡದಲ್ಲ. ಚಿತ್ರಕ್ಕ ಯಂತ್ರ ನಿಲ್ಲಿಸಿದ ಕೂಡಲೇ ತೊಟ್ಟಿಯೊಳಗೆ ಬಗ್ಗಿ, ಅಂಚಿಗೆ ಮೆತ್ತಿದ ಹಿಟ್ಟನ್ನು ಹೆರೆದು ನಡುವಿಗೆ ತಳ್ಳುವುದು. ಹನ್ನೊಂದೂವರೆಗೆ ಟೀ ಬಿಡುವು. ಕೈ ತೊಳೆಯುವ ಕೋಣೆಯಲ್ಲಿ ಟೋಪಿ ಬಿಚ್ಚಿ ಅಭ್ಯಾಸದಂತೆ ಕಿವಿ ಮುಟ್ಟಿಕೊಂಡೆ.

ಬೀಗ ಇರಲಿಲ್ಲ.

ಟೋಪಿ ಕೊಡವಿದೆ. ಕೂದಲಿಗೆ ಕಟ್ಟಿದ್ದ ಬಲೆ ಕೊಡವಿದೆ. ಕೊರಳಪಟ್ಟಿಯೊಳಗೆ ಬೆರಳು ಹಾಕಿದೆ. ನೆಲದ ಮೇಲೆ ಮಂಡಿಯೂರಿ ಬೇಸಿನ್ನಿನ ಕೆಳಗೆಲ್ಲ ಕೈಯಾಡಿಸಿದೆ. ಟೋಪಿಯ ಒಳಗಿನ ಎಲಾಸ್ಟಿಕ್ ಒಂದು ಕಡೆ ಹರಿದು ಸಡಿಲವಾಗಿದ್ದದ್ದು ಆಗ ಕಣ್ಣಿಗೆ ಬಿತ್ತು. ಎಡಗಡೆ. ಬೆಳಿಗ್ಗೆಯಿಂದ ಮೂರು ತೊಟ್ಟಿಗಳೊಳಗೆ ಬಗ್ಗಿದ್ದೆ.

ನಾವು ಮಾಡುತ್ತಿದ್ದದ್ದು ಹಲ್ಲು ಬರುವ ಕೂಸುಗಳಿಗೆ ಕೊಡುವ ಬಿಸ್ಕತ್ತು. ಡಬ್ಬಿಯ ಮೇಲೆ ಒಂದು ಬೊಚ್ಚುಬಾಯಿಯ ಮಗು ನಗುತ್ತಿರುತ್ತದೆ. ಆ ಮಗುವನ್ನು ನಾನು ದಿನಾ ನೋಡುತ್ತಿದ್ದೆ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದೆ. ಈಗ ಅದೇ ಮಗು ಕೆಮ್ಮುವುದು ಕೇಳಿಸಿತು. ಒಂದು ಸಲ ಕೆಮ್ಮಿ, ಆಮೇಲೆ ಕೆಮ್ಮದೆ ಇರುವುದು ಕೇಳಿಸಿತು.

ಟೋಪಿ ಹಾಕಿಕೊಂಡು ಯಂತ್ರದ ಹತ್ತಿರ ವಾಪಸು ಬಂದೆ. ಬಿಸ್ಕತ್ತು ಸಾಗುವ ಪಟ್ಟೆಯ ತುದಿಯಲ್ಲಿ ಲೋಹ ಹಿಡಿಯುವ ಯಂತ್ರವಿದೆ. ಸೂಜಿಮೊನೆಯಷ್ಟು ಕಬ್ಬಿಣ ಕಂಡರೂ ಅರಚಿಕೊಳ್ಳುತ್ತದೆಂದು ಅದಕ್ಕೆ ಕೂಗುಮಾರಿ ಅನ್ನುತ್ತಿದ್ದೆವು.

"ಅಕ್ಕ, ಪ್ಲಾಸ್ಟಿಕ್ ಬಿದ್ದರೂ ಕೂಗುಮಾರಿ ಕೂಗುತ್ತಾ?"

"ಪ್ಲಾಸ್ಟಿಕ್‌ಗೆ ಅದು ಕಿವುಡು ಕಣೇ." ಚಿತ್ರಕ್ಕ ನಾಲ್ಕನೇ ತೊಟ್ಟಿಗೆ ಸಕ್ಕರೆ ಸುರಿಯುತ್ತಿದ್ದಳು. "ಯಾಕೆ, ಏನು ಬೀಳಿಸ್ದೆ?"

"ಏನಿಲ್ಲ. ಸುಮ್ನೆ ಕೇಳಿದೆ."

ಅವಳು ನನ್ನ ಮುಖ ನೋಡಿದಳು.

ಮೊದಲ ತೊಟ್ಟಿ ಆಗಲೇ ಡಬ್ಬಿಯೊಳಗಿತ್ತು. ಎರಡನೆಯದು ಓವನ್ನಿನಲ್ಲಿ. ಮೂರನೆಯದು ಅಚ್ಚಿನ ಯಂತ್ರದ ಮುಂದೆ ಒದ್ದೆ ಬಟ್ಟೆ ಹೊದ್ದು ಮಲಗಿತ್ತು. ಹನ್ನೆರಡಕ್ಕೆ ಲಾರಿ. ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹನ್ನೆರಡು ನಿಮಿಷ. ನಾನು ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಹೊರಗೆ ಎಲ್ಲೋ ರಸ್ತೆಯಲ್ಲೇ ಬಿದ್ದಿರಬಹುದು. ಬಾಗಿಲು ದಾಟುವಾಗ ಇತ್ತಲ್ಲ? ಇತ್ತಾ? ಬೆಳಕು ದಾಟಿ ಹೋದದ್ದು ಕಡ್ಡಿಯನ್ನೋ, ಖಾಲಿ ತೂತನ್ನೋ?

ಹಿಂದಿನ ಬಾಗಿಲಲ್ಲಿ ಲಾರಿ ಹಿಮ್ಮುಖವಾಗಿ ಬರುವ ಪೀಂ ಪೀಂ ಸದ್ದು ಶುರುವಾಯಿತು. ನನ್ನ ಕೈ ಯಂತ್ರಗಳನ್ನೆಲ್ಲ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಹೋಗಿ ಕೂತಿತು.

ಇಡೀ ಕಾರ್ಖಾನೆ ಒಂದೇ ಸಲ ಉಸಿರು ಬಿಟ್ಟು ನಿಂತಿತು. ಆ ನಿಶ್ಶಬ್ದದಲ್ಲಿ ಆದಷ್ಟು ಭಯ ನನಗೆ ಯಾವ ಕಥೆಯಲ್ಲೂ ಆಗಿರಲಿಲ್ಲ. ಟಾರ್ಚಮ್ಮ ಓಡಿ ಬಂದರು. ಗುಂಡಿಯ ಹತ್ತಿರ ನಿಂತವಳು ನಾನು, ಅವರು ನೇರ ಹೋದದ್ದು ಚಿತ್ರಕ್ಕನ ಹತ್ತಿರ.

"ಏನು ಮಾಡಿದ್ಯೇ? ಏನು ಬೀಳಿಸಿದೆ? ನಿನ್ನಂಥೋಳನ್ನ ಒಳಗೆ ಬಿಟ್ಟುಕೊಂಡಿದ್ದೇ ತಪ್ಪು!"

ಚಿತ್ರಕ್ಕ ಬಾಯಿ ತೆರೆದು, ನನ್ನ ಕಡೆ ನೋಡಿ, ಮುಚ್ಚಿದಳು. ಒಂದು ಗಳಿಗೆ, ಸುಳ್ಳು ಯಾಕೆ ಹೇಳಲಿ, ಒಂದೇ ಒಂದು ಗಳಿಗೆ ನಾನೂ ಸುಮ್ಮನಿದ್ದೆ. ಆ ಗಳಿಗೆಯಲ್ಲಿ ರಾಕ್ಷಸಿ ನನ್ನೊಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತದ್ದು ನನಗೆ ಗೊತ್ತಾಯಿತು.

"ಮೇಡಮ್, ಅಕ್ಕ ಅಲ್ಲ. ನಾನು." ಟೋಪಿ ತೆಗೆದೆ. "ಕಿವಿಯಲ್ಲಿ ಪ್ಲಾಸ್ಟಿಕ್ ಕಡ್ಡಿ ಇತ್ತು. ಈಗಿಲ್ಲ. ಲಾರಿ ಬಿಡಬೇಡಿ."

ಟಾರ್ಚ್ ನನ್ನ ಕಿವಿಗೆ ಬಂತು. ಈ ಸಲ ಬೆಳಕು ಅಲ್ಲೇ ನಿಂತಿತು.

"ದಿನಾ ನೋಡ್ತಿದ್ದೆನಲ್ಲೇ," ಎಂದರು, ನನಗಲ್ಲ, ಆ ತೂತಿಗೆ. ಆಮೇಲೆ ಜೋರಾಗಿ, "ಲಾರಿ ನಿಲ್ಲಿಸ್ರೋ!"

ಕಡ್ಡಿ ಸಿಗುವ ತನಕ ಬೆಳಗಿನ ಒಂದು ಡಬ್ಬಿಯೂ ಹೊರಗೆ ಹೋಗುವಂತಿಲ್ಲ. ಮೂರನೇ ತೊಟ್ಟಿಯನ್ನು ಉಕ್ಕಿನ ಮೇಜಿನ ಮೇಲೆ ಬೋರಲು ಹಾಕಿದರು. ಟಾರ್ಚಮ್ಮ ಹಿಡಿ ಹಿಡಿ ಹಿಟ್ಟಿನ ಮೇಲೆ ಬೆಳಕು ಬಿಡುತ್ತ ಹುಡುಕಿದರು. ಬಿಳಿ ಹಿಟ್ಟಿನಲ್ಲಿ ತಿಳಿ ಕಡ್ಡಿ, ಟಾರ್ಚಿಗೇನು ಕಂಡೀತು?

"ಇದು ಕಣ್ಣಿನ ಕೆಲಸ ಅಲ್ಲ ಮೇಡಮ್," ಎಂದಳು ಚಿತ್ರಕ್ಕ. ನೀಲಿ ತೋಳನ್ನೂ ಕೈಗವಸನ್ನೂ ಸರಕ್ಕನೆ ಕಿತ್ತೆಸೆದಳು. ಬೆವರಿಗೆ ಬೆಂದು ಚರ್ಮ ಅಲ್ಲಲ್ಲಿ ಸುಕ್ಕಾಗಿತ್ತು. ಮೊಣಕೈವರೆಗೆ ಸೋಪು ಹಾಕಿ ತೊಳೆದು ಬಂದು, ಕಣ್ಣು ಮುಚ್ಚಿ, ಹಿಟ್ಟನ್ನು ಬೆರಳುಗಳ ನಡುವೆ ಬಿಡತೊಡಗಿದಳು. ನಾನು ಎದುರಿಗೆ ನಿಂತು ಹಾಗೇ ಮಾಡಿದೆ. ನನ್ನ ಬೆರಳಿಗೆ ಪ್ರತಿ ಸಕ್ಕರೆ ಹರಳೂ ಕಡ್ಡಿಯೇ. ಬಳ್ಳಿ, ಮೀನು, ನವಿಲುಗರಿ ಹಿಟ್ಟಿನೊಳಗೆ ಮುಳುಗಿದವು, ಎದ್ದವು, ಮತ್ತೆ ಮುಳುಗಿದವು. ಇದರಲ್ಲಿ ಇಲ್ಲದಿದ್ದರೆ? ಓವನ್ನಿನಲ್ಲಿ ಕರಗಿದ್ದರೆ? ಮೊದಲ ತೊಟ್ಟಿಯ ಜೊತೆ ಆಗಲೇ ಡಬ್ಬಿಯೊಳಗೆ ಹೋಗಿದ್ದರೆ...

"ಇರು," ಎಂದಳು ಚಿತ್ರಕ್ಕ.

ಹೆಬ್ಬೆರಳು ತೋರುಬೆರಳ ನಡುವೆ ಏನನ್ನೋ ಹೊಸಕಿ, ನೀರಿನ ಬಟ್ಟಲಲ್ಲಿ ಅದ್ದಿ ಎತ್ತಿದಳು. ಏನೂ ಕಾಣಲಿಲ್ಲ. ಅವಳ ಹೆಬ್ಬೆರಳಿನ ಹಚ್ಚೆಯ ಕಪ್ಪು ಗೆರೆಯ ಮೇಲೆ ಇಟ್ಟ ಮೇಲಷ್ಟೇ ಕಂಡಿತು.

ಟಾರ್ಚಮ್ಮ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತರು. "ನನ್ನ ಮೊಮ್ಮಗಳೂ ಇದನ್ನೇ ತಿನ್ನೋದು," ಎಂದರು.

ಆಮೇಲೆ ಅವರು ಎದ್ದು, ಪುಸ್ತಕ ತಂದು, ನನ್ನ ಬೆಳಗಿನ ಸಹಿಯ ಮೇಲೆ ಬೆರಳಿಟ್ಟರು. ಬೈಯಲಿಲ್ಲ. "ನಾಳೆಯಿಂದ ಬರಬೇಡ," ಎಂದರಷ್ಟೇ. ನಾನು ತಲೆಯಾಡಿಸಿದೆ. ಅಮ್ಮನಿಗೆ ಹೇಗೆ ಹೇಳಲಿ ಎಂಬ ಭಯ ಹಾಗೇ ಉಳಿದಿತ್ತು. ಆದರೆ ಡಬ್ಬಿಯ ಮೇಲಿನ ಮಗು ಕೆಮ್ಮುವುದನ್ನು ನಿಲ್ಲಿಸಿತ್ತು.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ಟಾರ್ಚಮ್ಮನ ದನಿ ಕೇಳಿತು. ಬೆಳಗಿನಷ್ಟು ಜೋರಿರಲಿಲ್ಲ, ಆದರೂ ಅದೇ ಮಾತು.

"ತೋಳು ಹಾಕ್ಕೋ."

ತಿರುಗಿ ನೋಡಿದೆ. ಚಿತ್ರಕ್ಕ ನೆಲದಿಂದ ನೀಲಿ ತೋಳನ್ನು ಎತ್ತಿಕೊಂಡಳು. ಒಂದು ಕ್ಷಣ ಅದನ್ನೇ ನೋಡಿದಳು. ನಂತರ ಮಡಿಸಿ, ಕಸದ ಬುಟ್ಟಿಯ ಮುಚ್ಚಳದ ಮೇಲೆ ಇಟ್ಟು, ಬರಿಗೈಯನ್ನು ಕಿವಿಯ ಹತ್ತಿರ ತಂದು ನನಗೆ ಸನ್ನೆ ಮಾಡಿದಳು. ಮುಟ್ಟಿಕೋ, ಎಂಬಂತೆ.

ಮುಟ್ಟಿಕೊಂಡೆ. ಬೀಗವಿಲ್ಲದ ತೂತು ಬಿಸಿಯಾಗಿತ್ತು. ಆಗಲೇ ಮುಚ್ಚಿಕೊಳ್ಳತೊಡಗಿತ್ತು.