ಪ್ರಶ್ನೆ ಬಿಟ್ಟ ಜಿನದತ್ತ ಕಾಕಾ

ಜಿನದತ್ತ ಕಾಕಾ ಒಂದೇ ಒಂದು ಪ್ರಶ್ನೆ ಕೇಳಿ ಸುಮ್ಮನಾದದ್ದನ್ನು ಬಹುಕಾಲ ನಾನು ಕಂಡಿರಲಿಲ್ಲ. ಗೋಕಾಕದ ಅವರ ಬೀಜದಂಗಡಿಗೆ ಗೋವಿನಜೋಳ ಕೇಳಿಕೊಂಡು ಬಂದ ರೈತ, ಚೀಲ ಹೊತ್ತು ಹೊರಗೆ ಕಾಲಿಡುವ ಮೊದಲು ತನ್ನ ಹೊಲ, ಬಾವಿ, ಎತ್ತು, ಅಳಿಯ ಎಲ್ಲದರ ವಿಷಯವಾಗಿ ಜವಾಬು ಕೊಟ್ಟೇ ತೀರಬೇಕಿತ್ತು. "ಹೊಲಾ ಕರೇದೋ ಕೆಂಪೋ? ಹ್ವಾದ ವರ್ಷ ಏನ್ ಬಿತ್ತಿದ್ರಿ? ಯಾಕ ಅದನ್ನ ಬಿತ್ತಿದ್ರಿ? ಯಾರ್ ಹೇಳಿದ್ರು?" ಎಂದು ಶುರುವಾದ ವಿಚಾರಣೆ, ಹಾಗೆ ಹೇಳಿದವನ ಹೊಲದವರೆಗೂ ಹೋಗಿ, ಕಡೆಗೆ "ಹಂಗಾರ ನಿಮಗ ಈ ಬೀಜ ಬ್ಯಾಡ ಬಿಡ್ರಿ" ಎಂಬಲ್ಲಿ ಮುಗಿಯುವುದೂ ಇತ್ತು. ಮಾರಲು ಕುಳಿತವರೇ ಬೇಡವೆಂದರೆ ಏನು ಮಾಡಬೇಕೆಂದು ತಿಳಿಯದೆ ಹೊಸಬರು ಕಕ್ಕಾಬಿಕ್ಕಿಯಾಗಿ ನಿಲ್ಲುತ್ತಿದ್ದರು.

ಅವರು ನಡೆಯುವಾಗ ದೃಷ್ಟಿ ಸದಾ ನೆಲದ ಮೇಲೆ. ಇರುವೆಯ ಸಾಲು ಕಂಡರೆ ಸುತ್ತುಹಾಕಿ ಹೋಗುವ ಜೈನ ಮನೆತನದ ಸಂಸ್ಕಾರ ಅದಕ್ಕೆ ಅರ್ಧ ಕಾರಣ. ಹೊಸ ಮಣ್ಣು ಕಂಡರೆ ಬಗ್ಗಿ ಚಿಟಿಕೆ ಎತ್ತಿ ತಿಕ್ಕಿ ನೋಡಬೇಕೆಂಬ ಚಪಲ ಉಳಿದರ್ಧ. ಬೇಸಿಗೆಯಲ್ಲೂ ಮೈಮೇಲಿರುತ್ತಿದ್ದ ಕಂದು ಖಾದಿ ಕೋಟಿನ ಕಿಸೆಗಳಲ್ಲಿ ರೊಕ್ಕಕ್ಕಿಂತ ಬೀಜವೇ ಹೆಚ್ಚು. ಯೋಚನೆಗೆ ಬಿದ್ದರೆ ಕೈ ತಾನಾಗಿ ಕಿಸೆಗೆ ಇಳಿದು ಕಾಳುಗಳನ್ನು ಹೊಸೆಯುತ್ತಿತ್ತು. ಒಮ್ಮೆ ಅವರ ಹೆಂಡತಿ ತಾರಾಬಾಯಿ ಕಾಕಿ ಕೋಟನ್ನು ಬಕೀಟಿನಲ್ಲಿ ನೆನೆಯಿಟ್ಟು ಮರೆತು ಊರಿಗೆ ಹೋಗಿಬಂದು ನೋಡಿದರೆ ಕಿಸೆಯ ತುಂಬ ಮೆಂತ್ಯ ಮೊಳೆತಿತ್ತು. ಕಾಕಾ ಮೊದಲು ಕೇಳಿದ್ದು ಕೋಟಿನ ಗತಿಯನ್ನಲ್ಲ, ಎಷ್ಟು ಕಾಳು ಮೊಳೆತವು ಎಂದು.

ಮಮದಾಪುರದವನಾದ ನಾನು ಅವರ ಬೀಜದ ಕಂಪನಿಯ ಕಂಪ್ಯೂಟರ್ ವಿಭಾಗಕ್ಕೆ ಸೇರಿದಾಗ ವಿಭಾಗವೆಂದರೆ ನಾನೊಬ್ಬನೇ. ಅಣ್ಣತಮ್ಮಂದಿರು ಮೂವರು: ಹಿರಿಯರಾದ ಕಾಕಾ ಗೋಕಾಕದಲ್ಲಿ, ನಡುವಿನ ಆದಿನಾಥ ಮೂಡಲಗಿಯಲ್ಲಿ, ಕಿರಿಯ ಧರಣೇಂದ್ರ ಹುಕ್ಕೇರಿಯಲ್ಲಿ. ಮೂರು ಶಾಖೆಗಳ ಕೆಳಗೆ ಹಳ್ಳಿಹಳ್ಳಿಗೆ ಅಂಗಡಿಗಳು ಬೆಳೆದಂತೆ, ಕಿರಿಯರ ಮನಸ್ಸಿನಲ್ಲಿ ಬೇರೆಯಾಗುವ ಆಸೆಯೂ ಬೆಳೆಯಿತು. "ದಾದಾ, ಗೋಕಾಕ ಅಂಗಡಿ ಮಾತಿನ ಮ್ಯಾಲ ನಡದೈತಿ, ವ್ಯಾಪಾರದ ಮ್ಯಾಲಲ್ಲ," ಎಂದು ಆದಿನಾಥರು ಅಣ್ಣನ ಮುಖದ ಮೇಲೇ ಅಂದರು. ತಾವು ಕೂಡಿಸಿ ಕಟ್ಟಿದ್ದು ತಮ್ಮ ಕಣ್ಣೆದುರೇ ಮೂರು ಪಾಲಾಗುವುದನ್ನು ಕಾಕಾ ತಡೆದುಕೊಳ್ಳಲಾರದವರಾಗಿದ್ದರು. ತಮ್ಮ ರೀತಿಯೇ ಸರಿಯೆಂದು ತೋರಿಸಿದರೆ ತಮ್ಮಂದಿರು ಬೇರೆಯಾಗದೆ ನಿಲ್ಲುತ್ತಾರೆಂಬುದು ಅವರ ನಂಬಿಕೆ; ಆ ನಂಬಿಕೆಯ ಬೆನ್ನುಹತ್ತಿ ಬಂದದ್ದೇ ಆ ಯಂತ್ರ.

ಎರಡು ಸಾವಿರದ ಆರರ ಬೇಸಿಗೆ ಅದು. ಡೇಟಾ ವೇರ್‌ಹೌಸ್ ಅಪ್ಲಾಯನ್ಸ್ ಎಂಬ ಅದರ ಹೆಸರು ಯಾರ ನಾಲಿಗೆಗೂ ಒಗ್ಗಲಿಲ್ಲ. ಯಂತ್ರ, ಡಿಸ್ಕು, ತಂತ್ರಾಂಶ ಎಲ್ಲವನ್ನೂ ಕೂಡಿಸಿಕೊಂಡೇ ಬಂದ ಆಳೆತ್ತರದ ಕಪ್ಪು ಕಪಾಟು. ಎಲ್ಲ ಶಾಖೆಗಳ ವರ್ಷಾನುವರ್ಷದ ಮಾಹಿತಿಯನ್ನು ಒಂದೆಡೆ ತುಂಬಿಟ್ಟು, ಬೇಕಾದದ್ದನ್ನು ಕೇಳಿದರೆ ತಟ್ಟನೆ ಹೇಳುವಂಥದು. "ಹಗೇವು ಇದ್ದಂಗ," ಎಂದುಬಿಟ್ಟರು ಕಾಕಾ, "ಮೂರೂ ಹೊಲದ ಜ್ವಾಳಾ ಒಂದ ಹಗೇವಿನಾಗ." ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಳೆಯ ಹಗೇವುಗಳನ್ನು ಕಂಡಿದ್ದ ಹಮಾಲರಿಗೂ ಅದರಿಂದ ಎಲ್ಲ ಅರ್ಥವಾಯಿತು. ಅಂದಿನಿಂದ ಅದು ಹಗೇವು.

ಅದನ್ನು ಕೂಡಿಸಿದ ಸಂಭ್ರಮವೇ ಸಂಭ್ರಮ. ಬೀಜ ಹಸನು ಮಾಡುವ ಕೋಣೆಯನ್ನು ಖಾಲಿ ಮಾಡಿಸಿದೆವು, ಬಾಗಿಲು ಸಾಲದೆ ಚೌಕಟ್ಟನ್ನೇ ಕಿತ್ತೆವು, ಕರೆಂಟು ಹೋದೀತೆಂದು ಜನರೇಟರ್ ತರಿಸಿದೆವು. ಬೀಜಕ್ಕೆ ಬಳಿದ ಔಷಧದ ಗುಲಾಬಿ ಧೂಳು ಒಳಗೆ ಬಾರದಂತೆ ಕಾಕಾ ತಾವೇ ನಿಂತು ಬಾಗಿಲಿಗೆ ಹಸಿ ಗೋಣಿತಾಟು ಕಟ್ಟಿಸಿದರು. ಮಾಲಕರ ತಲೆಯ ಮೇಲೆ ಕಿರುಗುಟ್ಟುವ ಫ್ಯಾನು, ಕಪಾಟಿಗೆ ಮಾತ್ರ ಎರಡು ಏಸಿ! ಕೊಲ್ಹಾಪುರದಿಂದ ಬಂದ ಇಂಜಿನಿಯರ್ ಮೇಘಾ ತಂತಿ ಜೋಡಿಸುತ್ತಿದ್ದರೆ ಕಾಕಾ ಅವಳ ಬೆನ್ನಿಗೇ ಇದ್ದರು. "ಹಳೇದು ಒಳಗ ಕೆಡೂದಿಲ್ಲೇನವಾ? ಒಬ್ಬನ ಕಾಳು ಇನ್ನೊಬ್ಬನ ಕಾಳಿನಾಗ ಕೂಡಿದ್ರ ಹೆಂಗ ಆರಸ್ತೀ?" ಅವಳು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡೇ, "ಕಾಕಾ, ನನಗ ಉಸಿರರ ಆಡಾಕ ಬಿಡ್ರಿ," ಎಂದಳು. ಎಲ್ಲರೂ ನಕ್ಕೆವು; ಆ ಮಾತಿನಲ್ಲೇ ಮುಂದಿನದೆಲ್ಲ ಇತ್ತೆಂದು ಯಾರಿಗೆ ಗೊತ್ತಿತ್ತು?

ಮೂರೂ ಕಡೆಯ ಹಳೆಯ ಮಾಹಿತಿ ತುಂಬಿ ಮುಗಿದ ದಿನ ತಮ್ಮಂದಿರು ಬಂದರು. ಯಂತ್ರಕ್ಕೆ ಹಾಕಬೇಕಾದ ಮೊದಲ ಪ್ರಶ್ನೆಯನ್ನು ಕಾಕಾ ತಾವೇ ಹೇಳಿದರು: ಒಮ್ಮೆ ಬಂದ ರೈತ ಮುಂದಿನ ವರ್ಷ ತಿರುಗಿ ಬಂದಿದ್ದಾನೆಯೇ? ಗೋಕಾಕವೇ ಮೇಲೆಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಪರದೆಯ ಮೇಲೆ ಮೂರು ಕಂಬಗಳು ಮೂಡಿದವು. ಮೂಡಲಗಿ, ಹುಕ್ಕೇರಿಗಳಲ್ಲಿ ಹತ್ತು ಜನರಲ್ಲಿ ಏಳು ಜನ ತಿರುಗಿ ಬಂದಿದ್ದರು, ಗೋಕಾಕದಲ್ಲಿ ನಾಲ್ಕೇ.

ಕಾಕಾನ ಕೈ ಕಿಸೆಗೆ ಇಳಿಯಿತು. "ಲೆಕ್ಕ ತಪ್ಪಿಲ್ಲಲ್ಲವಾ?" ಎಂದರು. ನನ್ನ ಕಿವಿಗೆ ಬಿದ್ದ ಅವರ ಮೊದಲ ಒಂಟಿ ಪ್ರಶ್ನೆ ಅದು. ಮೇಘಾ ತಲೆ ತಗ್ಗಿಸಿ "ಇಲ್ರಿ ಕಾಕಾ" ಎಂದಳು. "ನಿನ್ನ ಹಗೇವ ಹೇಳಾಕತ್ತೈತಿ ದಾದಾ. ಇನ್ನರ ಬ್ಯಾರೆ ಆಗೂನು," ಎಂದರು ಆದಿನಾಥರು. ಕಾಕಾ ಯಂತ್ರವನ್ನು ಬೈಯಲಿಲ್ಲ, ತಮ್ಮನ ಮೇಲೆ ಸಿಟ್ಟಾಗಲಿಲ್ಲ. "ಬರೂ ವರ್ಷದ ಮುಂಗಾರಿ ತನಕಾ ತಡಿ, ಆದಿನಾಥಾ," ಎಂದಷ್ಟೇ ಹೇಳಿದರು.

ಮರುದಿನವೇ ನನ್ನ ಸ್ಕೂಟರಿನ ಹಿಂದೆ ಕುಳಿತು, ತಿರುಗಿ ಬಾರದವರನ್ನು ಹುಡುಕಿ ಹೊರಟರು. ಕೊಣ್ಣೂರಿನ ಲಗಮವ್ವ ಒಕ್ಕಲುತನವನ್ನು ಒಬ್ಬಳೇ ನಿಭಾಯಿಸಿದ ಗಟ್ಟಿಗಿತ್ತಿ, ನಮಗೆ ಚಹಾ ಕೊಟ್ಟು, ಮುಚ್ಚುಮರೆಯಿಲ್ಲದೆ ಹೇಳಿದಳು: "ನಿಮ್ಮ ಬೀಜಾ ಚೊಲೋ ಅದಾವ್ರಿ ಸಾವಕಾರ್ರ. ಆದ್ರ ನಿಮ್ಮ ಅಂಗಡ್ಯಾಗ ಮಂದಿ ಮುಂದ ನಿಂತು ನನ್ನ ಹೊಲದ ಹಣೇಬಾರಾ ಹೇಳಾಕ ನಾಚಿಕಿ ಬರ್ತೈತ್ರಿ. ಘಟಪ್ರಭಾದ ಅಂಗಡ್ಯಾಗ ಏನೂ ಕೇಳದ ಕೊಡ್ತಾರ."

ಹಿಂದಿರುಗುತ್ತ ಗೋಕಾಕ ಸಮೀಪಿಸಿದಾಗ ಕಾಕಾ ಹಿಂದಿನಿಂದ ನನ್ನ ಭುಜ ಮುಟ್ಟಿ, "ಲಕ್ಷ್ಮಣಾ, ನಾ ಪ್ರೀತೀಲೆ ಕೇಳತಿದ್ನೆಪಾ," ಎಂದರು.

"ಅದು ನಮಗ ಗೊತ್ತೈತ್ರಿ ಕಾಕಾ."

"ಅವರಿಗಿ ಗೊತ್ತಿರಲಿಲ್ಲ."

ಆಷಾಢದಲ್ಲಿ ಚಾತುರ್ಮಾಸ ಬಂತು. ಬಸದಿಯಲ್ಲಿ ಮುನಿಗಳ ಮುಂದೆ ಪ್ರತಿಯೊಬ್ಬರೂ ದೀಪಾವಳಿಯವರೆಗೆ ತಮಗೆ ಪ್ರಿಯವಾದದ್ದೊಂದನ್ನು ಬಿಡುವ ನಿಯಮ ಹಿಡಿಯುತ್ತಾರೆ. ಒಬ್ಬರು ಬದನೆಕಾಯಿ ಬಿಟ್ಟರು, ಒಬ್ಬರು ತುಪ್ಪ ಬಿಟ್ಟರು, ತಾರಾಬಾಯಿ ಕಾಕಿ ಚಹಾ ಬಿಟ್ಟರು. ಕಾಕಾ ಕೈಮುಗಿದು, "ಅಂಗಡಿ ಹೊಸ್ತಿಲ ಒಳಗ ಪ್ರಶ್ನಾ ಕೇಳೂದು ಬಿಟ್ಟೇನ್ರಿ ಮಹಾರಾಜ್," ಎಂದರಂತೆ. ಬಸದಿಯೆಲ್ಲ ನಕ್ಕಿತಂತೆ. ಕಾಕಿ ಮಾತ್ರ ನಗಲಿಲ್ಲವೆಂದು ಅವರೇ ನನಗೆ ಆಮೇಲೆ ಹೇಳಿದರು.

ಹಿಂಗಾರಿಯ ಬಿತ್ತನೆ ಬಂದು ಅಂಗಡಿ ತುಂಬಿದಾಗ ಅವರನ್ನು ನೋಡುವುದು ಕಷ್ಟವಾಗುತ್ತಿತ್ತು. ರೈತ ಬೀಜದ ಹೆಸರು ಹೇಳಿದೊಡನೆ ತುಟಿ ಅಲುಗುವುದು, ಕೈ ಕಿಸೆಯೊಳಗೆ ಕಾಳು ಹೊಸೆಯುವುದು, ಚೀಲ ಮುಂದೆ ಬರುವುದು. ಸಲಹೆ ಹೇಳುವುದಕ್ಕೆ ಯಾವ ತಡೆಯೂ ಇರಲಿಲ್ಲ. ಆದರೆ ಕೇಳದೆ ಹೇಳುವುದು ಅವರಿಗೆ ಬರುತ್ತಿರಲಿಲ್ಲ. ದೀಪಾವಳಿ ಕಳೆದು ಎಲ್ಲರ ಮನೆಯಲ್ಲೂ ಬದನೆಕಾಯಿ ಬೆಂದಿತು, ತುಪ್ಪ ಕರಗಿತು, ಕಾಕಿಯ ಚಹಾ ಕುದಿಯಿತು. ಕಾಕಾ ಮಾತ್ರ ತಾವು ಬಿಟ್ಟದ್ದನ್ನು ಮತ್ತೆ ಮುಟ್ಟಲಿಲ್ಲ.

ಮರುವರ್ಷದ ಮುಂಗಾರಿ ಬಿತ್ತನೆ ಮುಗಿದ ಮೇಲೆ ತಮ್ಮಂದಿರ ಎದುರು ಅದೇ ಪ್ರಶ್ನೆಯನ್ನು ಯಂತ್ರಕ್ಕೆ ಮತ್ತೆ ಹಾಕಿದೆವು. ಗೋಕಾಕದ ಕಂಬ ಹುಕ್ಕೇರಿಯ ಭುಜಕ್ಕೆ ಬಂದು ನಿಂತಿತ್ತು. ಆದಿನಾಥರು ಪರದೆ ನೋಡಿದರು, ಅಣ್ಣನ ಮುಖ ನೋಡಿದರು. "ಪಾಲಿನ ಮಾತ ಇನ್ನ ಬ್ಯಾಡ ದಾದಾ," ಎಂದರು. ಚಹಾ ಬಂತು, ಪೇಢೆ ಬಂತು. ಗೆದ್ದ ಕಾಕಾ ಒಂದು ಕೈ ಕಿಸೆಯಲ್ಲಿಟ್ಟುಕೊಂಡೇ ಚಹಾ ಕುಡಿದರು.

ಅದರ ಮುಂದಿನ ವರ್ಷ ಮೃಗಶಿರಾ ಮಳೆಯ ಹೊತ್ತಿಗೆ ಲಗಮವ್ವ ಬಂದಳು. ಬೀಜ ತೆಗೆದುಕೊಂಡಳು, ಚೀಲವನ್ನು ಸೊಂಟಕ್ಕೇರಿಸಿದಳು, ಆದರೆ ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು, "ಹೊಸಾ ಬಾಂವಿಗಿ ನೀರ ಬಿದ್ದಾವ್ರಿ ಸಾವಕಾರ್ರ," ಎಂದಳು. ಕಾಕಾ ನಕ್ಕು ತಲೆಯಾಡಿಸಿದರು. ಅವಳು ಇನ್ನೂ ನಿಂತಳು. "ಏನೂ ಕೇಳೂದಿಲ್ಲೇನ್ರಿ?"

"ಚೊಲೋ ಆತವಾ. ಹೋಗಿ ಬಾ," ಎಂದರು ಕಾಕಾ. ಅವರ ಕೈ ಕಿಸೆಯಲ್ಲಿತ್ತು. ಎಷ್ಟು ಆಳಕ್ಕೆ ನೀರು, ಸಿಹಿಯೋ ಸವಳೋ, ಜಾಗ ತೋರಿಸಿದವರು ಯಾರು ಎಂಬ ಮಾತೆಲ್ಲ ಆ ಮುಷ್ಟಿಯೊಳಗೇ ಉಳಿಯಿತು. ನನಗೆ ಅಳು ಬಂದು ಹಸಿ ಗೋಣಿತಾಟು ಸರಿಸಿ ತಣ್ಣನೆಯ ಕೋಣೆಯೊಳಗೆ ಹೋದೆ.

ಈಗ ಕಾಕಾ ಇಲ್ಲ. ಹಗೇವು ಹಳತಾಗಿ ಮೋಡಕಾ ಅಂಗಡಿಯ ಗುಜರಿ ಸೇರಿತು. ಕಿತ್ತ ಚೌಕಟ್ಟನ್ನು ಮತ್ತೆ ಕೂಡಿಸಿದವರಿಲ್ಲ. ಮೂರು ಊರಿನ ಅಂಗಡಿಗಳ ಮೇಲೆ ಇಂದಿಗೂ ಒಂದೇ ಹೆಸರಿನ ಫಲಕವಿದೆ. ಯಾರು ತಿರುಗಿ ಬಂದರೆಂಬುದು ಆ ಕಪಾಟಿಗೆ ಗೊತ್ತಿತ್ತು; ಅವರು ಬರಲೆಂದು ಒಬ್ಬರು ಏನು ಬಿಟ್ಟರೆಂಬುದನ್ನು ಅದರೊಳಗೆ ತುಂಬುವ ಬಗೆ ನಮಗೆ ತಿಳಿಯಲಿಲ್ಲ. ಕೂಡಿ ಉಳಿದ ಮನೆಗಳನ್ನು ಕಂಡಾಗಲೆಲ್ಲ, ಇಲ್ಲಿ ಯಾರೋ ತಮಗೆ ಬಲು ಪ್ರಿಯವಾದದ್ದನ್ನು ಸದ್ದಿಲ್ಲದೆ ಬಿಟ್ಟಿರಬೇಕು ಎನ್ನಿಸುತ್ತದೆ. ಅಂಥವರನ್ನು ನಾವು ಕೇಳುವುದಿಲ್ಲ. ಕೇಳಬಲ್ಲವರು ಒಬ್ಬರಿದ್ದರು, ಅವರ ಬಾಯಿಯನ್ನು ನಾವೇ ಕಟ್ಟಿಸಿದ್ದೆವು.